ಬೂದಿ ದಿಬ್ಬದ ಗುಟ್ಟು ಬಿಡಿಸಿದ ರಾಬರ್ಟ್ ಬ್ರೂಸ್ ಫೂಟ್

ಬಳ್ಳಾರಿ: ಕುಡತಿನಿ ಹತ್ರ ಇರೋ ಬೂದಿ ದಿಬ್ಬ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಇಂಥ ದಿಬ್ಬಗಳನ್ನ ರಾಕ್ಷಸರನ್ನ ಸುಟ್ಟ ಜಾಗ ಅಂತಾರೆ. ಹಂಪಿ ಪಕ್ಕದ ನಿಂಬಾಪುರದ ದಿಬ್ಬವನ್ನಂತೂ ವಾಲಿಯ ಚಿತೆ ಅಂತಲೇ ಹೇಳ್ತಾರೆ. ಈ ಕತೆಗಳ ಹಿಂದಿನ ಅಸಲಿ ಸಂಗತಿ ಹುಡುಕಿದವರಲ್ಲಿ ಮುಖ್ಯರು ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಹುಟ್ಟಿದ ಫೂಟ್, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದರು. ಕೆಲಸ ಕಲ್ಲು, ಅದಿರು ನೋಡೋದು. ಆದ್ರೆ ಕಣ್ಣು ಹಳೇ ಮನುಷ್ಯರ ಕುರುಹುಗಳ ಮೇಲೆ. 1863ರಲ್ಲಿ ಮದ್ರಾಸ್ ಬಳಿಯ ಪಲ್ಲಾವರಂನಲ್ಲಿ ಅವರಿಗೆ ಸಿಕ್ಕ ಕಲ್ಲಿನ ಆಯುಧ ಭಾರತದ ಇತಿಹಾಸಪೂರ್ವ ಅಧ್ಯಯನಕ್ಕೇ ನಾಂದಿಯಾಯಿತು. 1880ರ ದಶಕದಲ್ಲಿ ಕರ್ನೂಲಿನ ಬಿಲ್ಲಸರ್ಗಂ ಗುಹೆಗಳನ್ನ ಮಗನ ಜತೆ ಅಗೆದು ಪ್ರಾಣಿಗಳ ಮೂಳೆ ಹೊರತೆಗೆದರು.

ಬಳ್ಳಾರಿ ಜಿಲ್ಲೆಯನ್ನೂ ಸುತ್ತಿದರು. 1895ರಲ್ಲಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಅವರ ಗ್ರಂಥ ಬಂತು. ಬೂದಿ ದಿಬ್ಬಗಳು ನವಶಿಲಾಯುಗದವು, ಅದು ದನದ ಸಗಣಿ ಸುಟ್ಟ ಬೂದಿ ಅನ್ನೋದು ಅವರ ವಾದ. ನರಬಲಿ, ಪ್ರಾಣಿಬಲಿ ಕೊಟ್ಟ ಜಾಗ ಅಂತ ವಾದಿಸಿದವರೂ ಇದ್ದರು.

ಫೂಟ್ 1912ರಲ್ಲಿ ತೀರಿಕೊಂಡರು. ಆಮೇಲೆ ಅವರ ಮಾತಿಗೆ ಪುರಾವೆ ಸಿಕ್ಕಿತು. 1957ರಲ್ಲಿ ಎಫ್.ಆರ್. ಆಲ್ಚಿನ್ ಉತ್ನೂರಿನ ದಿಬ್ಬ ಅಗೆದಾಗ ದನಗಳ ಗೊರಸಿನ ಗುರುತೇ ಕಂಡಿತು. ಅಂದ್ರೆ ಅದು ದನದ ದೊಡ್ಡಿ! ಮುಂದೆ ಕೆ. ಪದ್ದಯ್ಯ ಅವರು ಸುರಪುರ ಭಾಗದ ಬೂದಿಹಾಳದಲ್ಲಿ ಪ್ರಾಣಿಗಳನ್ನ ಕಡಿದು ಮಾಂಸ ಬೇರ್ಪಡಿಸಿದ ನೆಲವನ್ನೇ ಪತ್ತೆಮಾಡಿದರು.

ಮೂಳೆಗಳೇ ಇಲ್ಲಿ ಸಾಕ್ಷಿ. ಹೆಚ್ಚಿನವು ದನದವು, ಜತೆಗೆ ಕುರಿ, ಮೇಕೆ. ಹಲ್ಲು ಸವೆದ ರೀತಿಯಿಂದ ಪ್ರಾಣಿ ಎಷ್ಟು ವಯಸ್ಸಿಗೆ ಸತ್ತಿತು ಅಂತ ಗೊತ್ತಾಗುತ್ತೆ. ಎಳೆಯವನ್ನ ಕಡಿದಿದ್ರೆ ಮಾಂಸದ ಆಸೆ, ಮುದಿಯಾಗೋವರೆಗೆ ಸಾಕಿದ್ರೆ ಹಾಲು ಇಲ್ಲವೇ ದುಡಿಮೆ. ಮೂಳೆ ಮೇಲಿನ ಕಚ್ಚು ಹೇಗೆ ಕಡಿದರು ಅಂತ ತಿಳಿಸುತ್ತೆ, ಸುಟ್ಟ ಕಲೆ ಬೆಂಕಿಯ ಸುಳಿವು ಕೊಡುತ್ತೆ.

ಆದ್ರೆ ಈ ಸಾಕ್ಷಿ ಕರಗ್ತಾ ಇದೆ. ಎಷ್ಟೋ ದಿಬ್ಬಗಳ ಬೂದಿ ಹೊಲಕ್ಕೆ ಗೊಬ್ಬರವಾಗಿ ಹೋಗಿದೆ. ಬೂದಿ ಜತೆ ಮೂಳೆನೂ ಹೋದ್ರೆ, ಸಾವಿರಾರು ವರ್ಷದ ಹಿಂದೆ ಇದೇ ನೆಲದಲ್ಲಿ ದನ ಕಾಯ್ದವರು ಏನು ಉಂಡರು, ಹೇಗೆ ಬದುಕಿದರು ಅಂತ ಹೇಳೋಕೆ ಏನೂ ಉಳಿಯಲ್ಲ.