ಬೀಳದ ಅಟ್ಟಣೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ಪ್ರದೇಶಗಳು ಅಡಿಕೆ ತೋಟಗಳ ನಾಡು. ಅಲ್ಲಿನ ದುಡಿಮೆಯಲ್ಲಿ ಹಗ್ಗಕ್ಕೆ ದೊಡ್ಡ ಸ್ಥಾನವಿದೆ. ಬಾವಿಯ ರಾಟೆಯಲ್ಲಿ ಕೊಡಪಾನವನ್ನು ಮೇಲೆತ್ತುವುದು ಹಗ್ಗ. ಮರದ ತುದಿಯಲ್ಲಿ ಕೊಯ್ದ ಗೊನೆಯನ್ನು ಕೆಳಗಿಳಿಸುವುದೂ ಹಗ್ಗ. ಬಾವಿ ತೋಡುವಾಗ ಮಣ್ಣು ತುಂಬಿದ ಬುಟ್ಟಿ ಹಗ್ಗದಿಂದಲೇ ಮೇಲೇರುತ್ತದೆ. ಅದರ ಕೆಳಗೆ ಮನುಷ್ಯರು ನಿಂತಿರುತ್ತಾರೆ. ಆದುದರಿಂದಲೇ ಅನುಭವಿಗಳಾದ ಕೆಲಸಗಾರರು ಕೆಲಸಕ್ಕೆ ತೊಡಗುವ ಮೊದಲು ಹಗ್ಗದ ಎಳೆಗಳನ್ನು ಕೈಯಿಂದ ಸವರಿ ಪರೀಕ್ಷಿಸುತ್ತಾರೆ. ಆದರೆ ಎಷ್ಟು ಗಟ್ಟಿಯಾದ ಹಗ್ಗವೂ ಒಂದು ದಿನ ಸವೆದು ಹರಿಯುವುದು ಸಹಜ. ಹಾಗೆ ಹರಿದ ಕ್ಷಣದಲ್ಲಿ ಮನುಷ್ಯನನ್ನು ಕಾಪಾಡುವವರು ಯಾರು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವನು ಎಲಿಷಾ ಗ್ರೇವ್ಸ್ ಓಟಿಸ್.

ಓಟಿಸನು 1811ರ ಆಗಸ್ಟ್ 3ರಂದು ಅಮೆರಿಕದ ವರ್ಮಾಂಟ್ ಸಂಸ್ಥಾನದ ಹ್ಯಾಲಿಫ್ಯಾಕ್ಸ್ ಎಂಬ ಊರಿನಲ್ಲಿ, ರೈತನೊಬ್ಬನ ಮಗನಾಗಿ ಜನಿಸಿದನು. ಬೇಸಾಯಕ್ಕಿಂತ ಯಂತ್ರೋಪಕರಣಗಳ ಕಡೆಗೇ ಅವನ ಮನಸ್ಸು ಒಲಿದಿತ್ತು. ಹರೆಯದಲ್ಲಿಯೇ ಮನೆಯನ್ನು ಬಿಟ್ಟು ಹೊರಟ ಅವನು ನ್ಯೂಯಾರ್ಕ್ ಸಂಸ್ಥಾನದ ಟ್ರಾಯ್ ನಗರದಲ್ಲಿ ಬಂಡಿ ಹೊಡೆದು ಜೀವನ ಸಾಗಿಸಿದನು. 1834ರಲ್ಲಿ ಅವನ ಮದುವೆಯಾಯಿತು. ಮುಂದೆ ನದಿಯ ದಡದಲ್ಲಿ ಹಿಟ್ಟಿನ ಗಿರಣಿಯೊಂದನ್ನು ಕಟ್ಟಿದನು, ಅದು ಕೈಹಿಡಿಯಲಿಲ್ಲ. ಅದನ್ನೇ ಮರ ಕೊಯ್ಯುವ ಗಿರಣಿಯನ್ನಾಗಿ ಮಾರ್ಪಡಿಸಿದನು. ಅದರಿಂದಲೂ ಲಾಭ ಬರಲಿಲ್ಲ. ಕೊನೆಗೆ ಬಂಡಿಗಳನ್ನು ಮಾಡಿ ಮಾರತೊಡಗಿದನು. ಈ ನಡುವೆ ಪತ್ನಿ ತೀರಿಕೊಂಡಳು. ಚಾರ್ಲ್ಸ್ ಮತ್ತು ನಾರ್ಟನ್ ಎಂಬ ಇಬ್ಬರು ಎಳೆಯ ಮಕ್ಕಳ ಹೊಣೆ ಅವನ ಮೇಲೆ ಬಿದ್ದಿತು.

ಓಟಿಸನು ಮಕ್ಕಳೊಡನೆ ಆಲ್ಬನಿ ನಗರಕ್ಕೆ ಬಂದು ಮಂಚಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದನು. ಮಂಚದ ಅಡ್ಡಪಟ್ಟಿಗಳನ್ನು ಬೇಗಬೇಗನೆ ರೂಪಿಸುವ ಯಂತ್ರವನ್ನು ಅಲ್ಲಿ ಕಂಡುಹಿಡಿದು ಯಜಮಾನನ ಮೆಚ್ಚುಗೆಯನ್ನು ಪಡೆದನು. ಬಂದ ಬಹುಮಾನದ ಹಣದಿಂದ ತೊರೆಯೊಂದರ ಬಳಿ ಸ್ವಂತ ಕಾರ್ಖಾನೆಯನ್ನು ಆರಂಭಿಸಿದನು. ಆ ತೊರೆಯ ನೀರಿನ ಬಲದಿಂದಲೇ ಅವನ ಯಂತ್ರಗಳು ತಿರುಗುತ್ತಿದ್ದವು. ಆದರೆ ನಗರದ ಆಡಳಿತವು ಜನರ ಕುಡಿಯುವ ನೀರಿಗಾಗಿ ತೊರೆಯನ್ನು ತಿರುಗಿಸಿಕೊಂಡಿತು. ನೀರಿಲ್ಲದೆ ಯಂತ್ರಗಳು ನಿಂತವು. ಓಟಿಸನು ಮತ್ತೆ ಬರಿಗೈಯವನಾದನು.

1852ರಲ್ಲಿ ಅವನು ನ್ಯೂಯಾರ್ಕ್ ನಗರದ ಸಮೀಪದ ಯಾಂಕರ್ಸ್ ಎಂಬ ಊರಿನಲ್ಲಿದ್ದನು. ಪಾಳುಬಿದ್ದ ಮರದ ಗಿರಣಿಯನ್ನು ಮಂಚದ ಕಾರ್ಖಾನೆಯನ್ನಾಗಿ ಮಾಡುವ ಕಾರ್ಯ ಅವನ ಪಾಲಿಗೆ ಬಂದಿತ್ತು. ಭಾರವಾದ ಸಾಮಾನುಗಳನ್ನು ಮೇಲಿನ ಮಹಡಿಗೆ ಸಾಗಿಸಬೇಕಾಗಿತ್ತು. ಹಗ್ಗದಿಂದ ಅಟ್ಟಣೆಯನ್ನು ಮೇಲೆಳೆಯುವ ಸಾಧನಗಳು ಆಗಲೇ ಬಳಕೆಯಲ್ಲಿದ್ದವು. ಅವುಗಳನ್ನು ಕಂಡುಹಿಡಿದವನು ಓಟಿಸನಲ್ಲ. ಆದರೆ ಹಗ್ಗ ಹರಿದರೆ ಅಟ್ಟಣೆಯೊಡನೆ ಅದರ ಮೇಲಿದ್ದವರೂ ನೆಲಕ್ಕಪ್ಪಳಿಸುವುದು ಖಂಡಿತವಾಗಿತ್ತು.

ಇನ್ನೂ ದಪ್ಪನೆಯ ಹಗ್ಗವನ್ನು ತರಿಸುವುದು ಸಾಮಾನ್ಯರಿಗೆ ತೋಚುವ ಉಪಾಯ. ಓಟಿಸನು ಹಾಗೆ ಯೋಚಿಸಲಿಲ್ಲ. ಹಗ್ಗವು ಹರಿದೇ ಹರಿಯುತ್ತದೆಂದು ಭಾವಿಸಿ ಮುಂದಿನ ದಾರಿಯನ್ನು ಚಿಂತಿಸಿದನು. ಬಂಡಿಗೆ ಬಳಸುವಂತಹ ಉಕ್ಕಿನ ಬಿಲ್ಲುಪಟ್ಟಿಯನ್ನು ಅಟ್ಟಣೆಯ ಮೇಲ್ತುದಿಗೆ ಅಳವಡಿಸಿ ಹಗ್ಗವನ್ನು ಅದಕ್ಕೆ ಕಟ್ಟಿದನು. ಅಟ್ಟಣೆಯ ಎರಡು ಬದಿಗಳ ಕಂಬಗಳಿಗೆ ಗರಗಸದಂತೆ ಹಲ್ಲುಗಳಿದ್ದ ಪಟ್ಟಿಗಳನ್ನು ಜೋಡಿಸಿದನು. ಹಗ್ಗವು ಬಿಗಿಯಾಗಿರುವಷ್ಟು ಕಾಲ ಬಿಲ್ಲುಪಟ್ಟಿ ಬಾಗಿಕೊಂಡಿರುತ್ತದೆ. ಅದರ ತುದಿಗಳು ಹಲ್ಲುಗಳಿಗೆ ತಾಗುವುದಿಲ್ಲ. ಹಗ್ಗ ಹರಿದೊಡನೆ ಪಟ್ಟಿಯು ತಾನಾಗಿಯೇ ನೆಟ್ಟಗಾಗಿ, ತುದಿಗಳು ಹಲ್ಲುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಟ್ಟಣೆಯು ಅಲ್ಲಿಯೇ ನಿಲ್ಲುತ್ತದೆ. ಅದನ್ನು ತಡೆಯಲು ಯಾರೂ ಓಡಿಬರಬೇಕಾಗಿಲ್ಲ.

ಓಟಿಸನು ಇದನ್ನು ಮಹತ್ಸಾಧನೆಯೆಂದು ಭಾವಿಸಲಿಲ್ಲ. ಕೂಡಲೇ ಅದರ ಹಕ್ಕುಪತ್ರವನ್ನು ಪಡೆಯುವ ಗೋಜಿಗೂ ಹೋಗಲಿಲ್ಲ. ಚಿನ್ನವನ್ನು ಅರಸಿ ಕ್ಯಾಲಿಫೋರ್ನಿಯಕ್ಕೆ ಹೊರಡುವ ಯೋಚನೆಯಲ್ಲಿದ್ದ ಅವನಿಗೆ ಇಂತಹ ಅಟ್ಟಣೆಗಳನ್ನು ಮಾಡಿಕೊಡಬೇಕೆಂಬ ಬೇಡಿಕೆ ಬಂದಿತು. 1853ರಲ್ಲಿ ಅವನ ಉದ್ಯಮ ಆರಂಭವಾಯಿತು. ಆದರೆ ಕೊಳ್ಳುವವರು ವಿರಳವಾಗಿದ್ದರು. ಜನರಿಗೆ ನಂಬಿಕೆ ಹುಟ್ಟಿರಲಿಲ್ಲ.

1854ರಲ್ಲಿ ನ್ಯೂಯಾರ್ಕಿನ ಸ್ಫಟಿಕ ಭವನದಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಓಟಿಸನು ತನ್ನ ಪ್ರಾಣವನ್ನೇ ಪಣವಾಗಿಟ್ಟನು. ನೆರೆದ ಜನರ ಎದುರಿನಲ್ಲಿ ಅಟ್ಟಣೆಯನ್ನೇರಿ ಎತ್ತರಕ್ಕೆ ಹೋಗಿ, ಹಗ್ಗವನ್ನು ಕತ್ತರಿಸುವಂತೆ ಆಜ್ಞಾಪಿಸಿದನು. ಹಗ್ಗ ತುಂಡಾಯಿತು. ಜನರು ಬೆಚ್ಚಿಬಿದ್ದರು. ಅಟ್ಟಣೆಯಾದರೋ ತುಸುವೇ ಜಾರಿ ನಿಂತುಬಿಟ್ಟಿತು. ಓಟಿಸನು ಸುರಕ್ಷಿತನಾಗಿ ಮೇಲೆ ನಿಂತಿದ್ದನು. ಆ ಬಳಿಕ ಜನರ ಸಂದೇಹ ಕ್ರಮೇಣ ಅಳಿಯಿತು. 1857ರಲ್ಲಿ ನ್ಯೂಯಾರ್ಕಿನ ಐದು ಮಹಡಿಗಳ ಅಂಗಡಿಯೊಂದರಲ್ಲಿ ಮನುಷ್ಯರನ್ನೇ ಹೊತ್ತೊಯ್ಯುವ ಓಟಿಸನ ಲಿಫ್ಟು ಓಡಾಡತೊಡಗಿತು. ಅದರ ವೇಗ ನಿಮಿಷಕ್ಕೆ ಸುಮಾರು 40 ಅಡಿಗಳು ಮಾತ್ರ.

1861ರ ಜನವರಿಯಲ್ಲಿ ಅವನಿಗೆ ಹಕ್ಕುಪತ್ರ ದೊರೆಯಿತು. ಆದರೆ ಅದರ ಫಲವನ್ನು ಉಣ್ಣುವ ಭಾಗ್ಯ ಅವನಿಗಿರಲಿಲ್ಲ. ಅದೇ ವರ್ಷ ಏಪ್ರಿಲ್ 8ರಂದು ಗಂಟಲುಮಾರಿ ರೋಗದಿಂದ, ತನ್ನ 49ನೆಯ ವಯಸ್ಸಿನಲ್ಲಿ ಅವನು ಕಣ್ಮುಚ್ಚಿದನು. ತಂದೆ ಬಿಟ್ಟುಹೋದ ಚಿಕ್ಕ ಉದ್ಯಮವನ್ನು ಮಕ್ಕಳಿಬ್ಬರೂ ಬೆಳೆಸಿದರು. ಮುಂದೆ ಆಕಾಶವನ್ನು ಮುಟ್ಟುವಂತಹ ಕಟ್ಟಡಗಳು ಎದ್ದು ನಿಲ್ಲಲು ಲಿಫ್ಟು ನೆರವಾಯಿತು.

ಓಟಿಸನ ಉಪಾಯವು ಎಲ್ಲೆಡೆಗೂ ಒದಗುವಂತಹುದಲ್ಲ. ಕ್ರೇನು ಎತ್ತುವ ಭಾರವು ಬಯಲಿನಲ್ಲಿ ಕೊಕ್ಕೆಗೆ ತೂಗಾಡುತ್ತಿರುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಇಕ್ಕೆಲಗಳಲ್ಲಿ ಹಲ್ಲಿನ ಕಂಬಗಳಿಲ್ಲ. ಅಲ್ಲಿ ಬೇರೆ ಬಗೆಯ ಕಟ್ಟುಪಾಡುಗಳೇ ರಕ್ಷಣೆ. ಭಾರತದ 1948ರ ಕಾರ್ಖಾನೆಗಳ ಕಾಯಿದೆಯು ಲಿಫ್ಟುಗಳನ್ನು ಆರು ತಿಂಗಳಿಗೊಮ್ಮೆ, ಭಾರ ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ವರ್ಷಕ್ಕೊಮ್ಮೆಯಾದರೂ ಅರ್ಹರು ಪರೀಕ್ಷಿಸಬೇಕೆಂದು ವಿಧಿಸಿತು. ಎಷ್ಟು ಭಾರವನ್ನು ಎತ್ತಬಹುದೆಂಬುದನ್ನು ಯಂತ್ರದ ಮೇಲೆ ಸ್ಪಷ್ಟವಾಗಿ ಬರೆದಿರಬೇಕೆಂದೂ ಹೇಳಿತು. ತೂಗುವ ಭಾರದ ಕೆಳಗೆ ಯಾರೂ ನಿಲ್ಲಬಾರದೆಂಬುದು ಕ್ರೇನಿನ ಕೆಲಸದ ಮೊದಲ ಪಾಠ.

ಸೇತುವೆ, ಕಟ್ಟಡಗಳ ಕೆಲಸಕ್ಕೆಂದು ಕ್ರೇನುಗಳು ಈಗ ಹಳ್ಳಿಗಳ ರಸ್ತೆಗಳಿಗೂ ಬಂದಿವೆ. ಯಂತ್ರ ದೊಡ್ಡದಾದರೂ ಬಾವಿಕಟ್ಟೆಯ ಹಳೆಯ ವಿವೇಕ ಅಲ್ಲಿಯೂ ಬೇಕು. ಹಗ್ಗವನ್ನು ಪರೀಕ್ಷಿಸುವುದು ಆ ವಿವೇಕದ ಅರ್ಧಭಾಗ. ಅದು ಹರಿದರೂ ಯಾರಿಗೂ ಕೇಡಾಗದಂತೆ ಮೊದಲೇ ಏರ್ಪಾಡು ಮಾಡಿಕೊಳ್ಳುವುದು ಉಳಿದರ್ಧ. ಆ ಉಳಿದರ್ಧವನ್ನು ತನ್ನ ಪ್ರಾಣವನ್ನೊಡ್ಡಿ ಜಗತ್ತಿಗೆ ತೋರಿಸಿಕೊಟ್ಟವನು ಓಟಿಸ್.