ಪೊರಕೆ ಕೇಳಿ ಪಡೆದ ಬ್ಯಾರಿಸ್ಟರ್

ಹತ್ತು ಜನ ಬಳಸುವ ಬಾತ್‌ರೂಮು ಬಹಳ ಬೇಗ ಯಾರದೂ ಅಲ್ಲದ ಬಾತ್‌ರೂಮು ಆಗಿಬಿಡುತ್ತದೆ. ತಾನು ಬಿಟ್ಟುಬಂದ ಕೊಳೆ ಸ್ವಲ್ಪವೇ ಎಂದು ಪ್ರತಿಯೊಬ್ಬರಿಗೂ ಅನಿಸುತ್ತದೆ. ವಾರ ಕಳೆಯುವಷ್ಟರಲ್ಲಿ ಬಾಗಿಲು ತೆರೆಯಲೂ ಮನಸ್ಸಾಗುವುದಿಲ್ಲ. ಈ ಸಣ್ಣ ಸಮಸ್ಯೆಯನ್ನು ಬದುಕಿನುದ್ದಕ್ಕೂ ದೊಡ್ಡ ವಿಷಯವೆಂದೇ ತಿಳಿದಿದ್ದವರು ಮೋಹನದಾಸ ಕರಮಚಂದ ಗಾಂಧಿ. ಅವರ ಉಪ್ಪಿನ ಸತ್ಯಾಗ್ರಹವನ್ನು ನಾವು ಪರೀಕ್ಷೆಗೆ ಓದುತ್ತೇವೆ. ಅವರ ಪೊರಕೆಯ ಕಥೆ ಹಾಸ್ಟೆಲ್ಲಿನಲ್ಲಿರುವ ನಮಗೆ ಇನ್ನೂ ಹತ್ತಿರದ್ದು.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದ ಗಾಂಧಿಯವರ ಬಾಲ್ಯದ ಮನೆಯಲ್ಲಿ ಕಕ್ಕಸು ತೊಳೆಯಲು ಊಕಾ ಎಂಬ ವ್ಯಕ್ತಿ ಬರುತ್ತಿದ್ದರು. ಅವರನ್ನು ಮುಟ್ಟಬಾರದು, ಮುಟ್ಟಿದರೆ ಸ್ನಾನ ಮಾಡಬೇಕು ಎಂಬುದು ಮನೆಯ ಕಟ್ಟಳೆ. ನಮ್ಮ ಕೊಳೆಯನ್ನು ತೆಗೆಯುವವರೇ ಹೇಗೆ ಕೊಳಕಾಗುತ್ತಾರೆ ಎಂಬುದು ಹನ್ನೆರಡರ ಆ ಹುಡುಗನಿಗೆ ಅರ್ಥವಾಗಲಿಲ್ಲ. ಆ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದ ಅವರು 1893ರಲ್ಲಿ ದಾದಾ ಅಬ್ದುಲ್ಲಾ ಅವರ ವ್ಯಾಪಾರ ಸಂಸ್ಥೆಯ ಮೊಕದ್ದಮೆಗಾಗಿ ದಕ್ಷಿಣ ಆಫ್ರಿಕಾಕ್ಕೆ ಹೋದರು. 1896ರಲ್ಲಿ ಕೆಲವು ತಿಂಗಳ ಮಟ್ಟಿಗೆ ಊರಿಗೆ ಬಂದಾಗ ಮುಂಬಯಿಯಲ್ಲಿ ಪ್ಲೇಗ್ ಹಬ್ಬಿತ್ತು. ರಾಜಕೋಟದಲ್ಲಿ ಮುನ್ನೆಚ್ಚರಿಕೆಗೆಂದು ಒಂದು ಸಮಿತಿಯಾಯಿತು. ಗಾಂಧಿಯವರು ಅದನ್ನು ಸೇರಿ ಮನೆಮನೆಯ ಪಾಯಖಾನೆಗಳನ್ನು ನೋಡಿಬಂದರು. ಬಡವರು ತಕರಾರಿಲ್ಲದೆ ಬಾಗಿಲು ತೆರೆದರು. ದೊಡ್ಡ ಮನೆಗಳಲ್ಲಿ ಕೆಲವರು ಒಳಗೇ ಬಿಡಲಿಲ್ಲ. ಹೆಚ್ಚು ಕೊಳಕು ಕಂಡದ್ದೂ ಅಂಥ ಮನೆಗಳಲ್ಲೇ. ಸಮಿತಿ ಹೇಳಿದ ಪರಿಹಾರಗಳು ಬಹಳ ಸರಳ: ಮಲಮೂತ್ರ ನೆಲಕ್ಕೆ ಬೀಳದಂತೆ ಬಕೆಟ್ ಇಡಬೇಕು, ಅಡ್ಡಗೋಡೆ ತೆಗೆದು ಬೆಳಕು ಮತ್ತು ಗಾಳಿ ಒಳಗೆ ಬರುವಂತೆ ಮಾಡಬೇಕು. ಕತ್ತಲು ಮತ್ತು ತೇವ ಇದ್ದಲ್ಲಿ ಕೊಳೆ ನಿಲ್ಲುತ್ತದೆ. ಇಂದಿನ ಬಾತ್‌ರೂಮಿಗೂ ಈ ಮಾತು ಅನ್ವಯಿಸುತ್ತದೆ.

ಮುಂದೆ ಡರ್ಬನ್ನಿನ ಅವರ ಮನೆಯಲ್ಲಿ ಕೋಣೆಗಳಿಂದ ಕೊಳಚೆ ನೀರು ಹೋಗಲು ದಾರಿ ಇರಲಿಲ್ಲ. ಪ್ರತಿ ಕೋಣೆಗೂ ಒಂದೊಂದು ಮೂತ್ರದ ಪಾತ್ರೆ. ಮನೆಯಲ್ಲಿದ್ದ ಗುಮಾಸ್ತರು ತಮ್ಮ ಪಾತ್ರೆಯನ್ನು ತಾವೇ ತೊಳೆಯುತ್ತಿದ್ದರು. ಹೊಸದಾಗಿ ಬಂದ ಒಬ್ಬರ ಪಾತ್ರೆ ಮಾತ್ರ ಗಾಂಧಿ ದಂಪತಿಗಳ ಪಾಲಿಗೆ ಬಂತು. ಆತ ಅಸ್ಪೃಶ್ಯರೆನಿಸಿಕೊಂಡಿದ್ದ ಮನೆತನದಲ್ಲಿ ಹುಟ್ಟಿದ ಕ್ರೈಸ್ತ. ಕಸ್ತೂರಬಾ ಅಳುತ್ತಲೇ ಆ ಪಾತ್ರೆ ಹಿಡಿದು ಮೆಟ್ಟಿಲು ಇಳಿದರು. ನಗುತ್ತ ಮಾಡಬೇಕೆಂದು ಪತಿ ಹಟ ಹಿಡಿದರು. ಮಾತಿಗೆ ಮಾತು ಬೆಳೆದು, ಹೆಂಡತಿಯ ಕೈಹಿಡಿದು ಗೇಟಿನವರೆಗೆ ಎಳೆದೊಯ್ದರು. ಪರದೇಶದಲ್ಲಿ ತಾನು ಎಲ್ಲಿಗೆ ಹೋಗಲಿ ಎಂದು ಆಕೆ ಕೇಳಿದಾಗ ನಾಚಿಕೆಯಾಗಿ ಗೇಟು ಮುಚ್ಚಿದರು. ಈ ಘಟನೆಯನ್ನು ಅವರು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಶುಚಿಯಾಗಿಡುವ ಕೆಲಸ ಒಳ್ಳೆಯದೇ. ಆದರೆ ಇನ್ನೊಬ್ಬರ ಮೇಲೆ ಕೂಗಾಡಿ ಅದನ್ನು ಮಾಡಿಸಿದರೆ ಒಳ್ಳೆಯತನ ಅಲ್ಲಿಗೇ ಮುಗಿಯುತ್ತದೆ.

1901ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ದೇಶದ ಗಣ್ಯರೆಲ್ಲ ಅಲ್ಲಿದ್ದರು. ಜನ ಬಹಳ, ಪಾಯಖಾನೆಗಳು ಕೆಲವೇ, ದುರ್ನಾತ ತಡೆಯಲಾಗದಷ್ಟು. ಗಾಂಧಿಯವರು ಸ್ವಯಂಸೇವಕರಿಗೆ ಅದನ್ನು ತೋರಿಸಿದಾಗ ಅದು ತಮ್ಮ ಕೆಲಸವಲ್ಲ, ಜಾಡಮಾಲಿಗಳದ್ದು ಎಂಬ ಉತ್ತರ ಬಂತು. ಅವರು ಒಂದು ಪೊರಕೆ ಕೇಳಿದರು. ಬ್ಯಾರಿಸ್ಟರ್ ಪೊರಕೆ ಕೇಳುವುದನ್ನು ಕಂಡು ಸ್ವಯಂಸೇವಕ ಬೆರಗಾದ. ಪೊರಕೆ ಪಡೆದು ತಾವು ಬಳಸುವ ಪಾಯಖಾನೆಯನ್ನು ತೊಳೆದುಕೊಂಡರು. ಆದರೆ ಅಷ್ಟು ಜನ ಬಳಸುವ ಜಾಗವನ್ನು ಮತ್ತೆ ಮತ್ತೆ ತೊಳೆಯುವುದು ಒಬ್ಬರಿಂದ ಆಗುವ ಮಾತಾಗಿರಲಿಲ್ಲ. ಎಲ್ಲರೂ ಕೈ ಹಾಕದೆ ಎಲ್ಲರ ಜಾಗ ಚೊಕ್ಕಟವಾಗುವುದಿಲ್ಲ.

ಎಲ್ಲರೂ ಕೈ ಹಾಕಿದರೆ ಏನಾಗುತ್ತದೆ ಎಂಬುದು 1910ರಲ್ಲಿ ಜೋಹಾನ್ಸ್‌ಬರ್ಗ್ ಬಳಿಯ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಕಂಡಿತು. ಗೆಳೆಯ ಕ್ಯಾಲನ್‌ಬಾಕ್ ಕೊಟ್ಟ 1,100 ಎಕರೆ ಜಮೀನಿನಲ್ಲಿ ಸತ್ಯಾಗ್ರಹಿಗಳ ಕುಟುಂಬಗಳು ನೆಲೆಸಿದವು. ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತ ಮಕ್ಕಳು ಒಟ್ಟಿಗಿದ್ದರು. ರಮಝಾನಿನಲ್ಲಿ ಮುಸ್ಲಿಂ ಹುಡುಗರ ಜೊತೆ ಉಳಿದವರೂ ಉಪವಾಸವಿದ್ದರು. ಅಲ್ಲಿ ಜಾಡಮಾಲಿ ಇರಲಿಲ್ಲ, ಆಳುಕಾಳುಗಳೂ ಇರಲಿಲ್ಲ. ಮಲವನ್ನು ಹಾಕಲು ಒಂದೂವರೆ ಅಡಿ ಆಳದ ಗುಂಡಿ ತೆಗೆದು, ಅಗೆದ ಮಣ್ಣಿನಿಂದಲೇ ಆಗಿಂದಾಗ ಪೂರ್ತಿ ಮುಚ್ಚುತ್ತಿದ್ದರು. ನೊಣವಿಲ್ಲ, ವಾಸನೆಯಿಲ್ಲ, ಹೊಲಕ್ಕೆ ಗೊಬ್ಬರ ಬೇರೆ. ಬಳಸಿದ ನೀರನ್ನು ದಾರಿಗೆ ಚೆಲ್ಲದೆ ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಿದ್ದರು. ಬೇಕಾದದ್ದು ಒಂದು ಸಣ್ಣ ಸಲಿಕೆ ಮತ್ತು ತಡಮಾಡದ ಕೈ, ಅಷ್ಟೇ.

1915ರಲ್ಲಿ ಭಾರತಕ್ಕೆ ಮರಳಿದ ಮೇಲೆ ಶಾಂತಿನಿಕೇತನದ ವಿದ್ಯಾರ್ಥಿಗಳಿಗೂ ಈ ಪಾಠ ತಲುಪಿತು. ಅಡುಗೆಯಿಂದ ಹಿಡಿದು ಶುಚಿತ್ವದವರೆಗೆ ಎಲ್ಲ ಕೆಲಸವನ್ನು ಅವರೇ ಕೆಲವು ಕಾಲ ಮಾಡಿದರು. ಅದರ ನೆನಪಿಗೆ ಮಾರ್ಚ್ 10ನ್ನು ಅಲ್ಲಿ ಗಾಂಧಿ ದಿನವಾಗಿ ಆಚರಿಸುತ್ತ ಬಂದಿದ್ದಾರೆ. ಅದೇ ವರ್ಷ ಹರಿದ್ವಾರದ ಕುಂಭಮೇಳದಲ್ಲಿ ಅವರ ತಂಡ ಮಲದ ಗುಂಡಿಗಳನ್ನು ಮುಚ್ಚುವ ಕೆಲಸವನ್ನು ಕೇಳಿ ಪಡೆಯಿತು. ಮುಂದೆ ಸಾಬರಮತಿ ಆಶ್ರಮದಲ್ಲಿ ಪಾಯಖಾನೆ ಶುಚಿ ಮಾಡುವುದು ಆಶ್ರಮವಾಸಿಗಳದೇ ಕೆಲಸವಾಯಿತು. ದಕ್ಷಿಣ ಆಫ್ರಿಕಾದಿಂದ ಜೊತೆಯಾದ ಇಮಾಮ್ ಅಬ್ದುಲ್ ಖಾದರ್ ಬಾವಾಝೀರ್ ಅವರ ಕುಟುಂಬವೂ ಆ ಆಶ್ರಮದಲ್ಲಿತ್ತು. ಗಾಂಧಿಯವರು ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ನಮ್ಮ ಬೆಳಗಾವಿಯಲ್ಲಿ ನಡೆಯಿತು. ಕಲ್ಕತ್ತೆಯಲ್ಲಿ ನಮ್ಮದಲ್ಲ ಎನಿಸಿದ್ದ ಆ ಕೆಲಸಕ್ಕೆ ಬೆಳಗಾವಿಯಲ್ಲಿ ಸ್ವಯಂಸೇವಕರೇ ಇಳಿದರು. 1946ರಲ್ಲಿ ದೆಹಲಿಗೆ ಹೋದಾಗ ಗಾಂಧಿಯವರು ಪೌರಕಾರ್ಮಿಕರ ವಾಲ್ಮೀಕಿ ಬಸ್ತಿಯಲ್ಲೇ ಉಳಿದುಕೊಂಡರು. 1948ರ ಜನವರಿ 30ರಂದು ಹತ್ಯೆಯಾಗುವವರೆಗೂ ಆ ಬಾಲ್ಯದ ಪ್ರಶ್ನೆಯನ್ನು ಅವರು ಕೈಬಿಡಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಈ ಬದುಕಿನಿಂದ ನಮ್ಮ ಬಾತ್‌ರೂಮಿಗೆ ತಂದುಕೊಳ್ಳಬಹುದಾದದ್ದು ಮೂರು ವಿಷಯ. ಮೊದಲನೆಯದು, ಆಗಿಂದಾಗ ಶುಚಿ ಮಾಡುವುದು. ಹಸಿ ಕೊಳೆ ಎರಡು ಮಗ್ ನೀರಿಗೆ ಹೋಗುತ್ತದೆ, ಒಣಗಿದ್ದು ಅರ್ಧ ಗಂಟೆ ಉಜ್ಜಿದರೂ ಹೋಗುವುದಿಲ್ಲ. ಎರಡನೆಯದು, ಪಾಳಿ. ಗೋಡೆಯ ಮೇಲೆ ಹೆಸರುಗಳ ಪಟ್ಟಿ ಇದ್ದು, ದಿನಕ್ಕೆ ಇಬ್ಬರು ಹತ್ತು ನಿಮಿಷ ಕೊಟ್ಟರೆ ಯಾರಿಗೂ ಹೊರೆಯಾಗದು. ಪುಡಿ ಹಾಕಿ ಐದು ನಿಮಿಷ ನೆನೆಯಲು ಬಿಟ್ಟು, ಮೇಲಿನಿಂದ ಕೆಳಕ್ಕೆ ಉಜ್ಜಿ, ಕೊನೆಗೆ ನೆಲದ ನೀರು ಎಳೆದರೆ ಸಾಕು. ಆಸಿಡ್ ಇರುವ ಟಾಯ್ಲೆಟ್ ಕ್ಲೀನರನ್ನು ಬ್ಲೀಚಿಂಗ್ ಪುಡಿಯ ಜೊತೆ ಎಂದೂ ಬೆರೆಸಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಮೂರನೆಯದು, ಕಿಟಕಿ ತೆರೆದಿಡುವುದು.

ನಮ್ಮ ಕಾಲೇಜಿನ ನೆಲ ಒರೆಸುವ ಅಕ್ಕಂದಿರೂ ಅಣ್ಣಂದಿರೂ ನಮ್ಮ ತಂದೆತಾಯಿಗಳ ವಯಸ್ಸಿನವರು. ನಾವು ಬಿಟ್ಟುಬಂದದ್ದನ್ನು ಅವರು ಮೂಗು ಮುಚ್ಚಿಕೊಂಡು ತೆಗೆಯಬೇಕಾದ ಸ್ಥಿತಿ ಬರಬಾರದು. ಯಾರೂ ಮಾಡುತ್ತಿಲ್ಲವೆಂದು ಕಾಯುವ ಬದಲು ಈ ವಾರದ ಪಾಳಿಯಲ್ಲಿ ಮೊದಲ ಹೆಸರು ನಮ್ಮದೇ ಬರೆಯೋಣ.