ಬೆಳಕಿನ ಗೆರೆಗಳನ್ನು ಎಣಿಸಿದ ಫ್ರಾನ್‌ಹೋಫರ್

ನಮ್ಮ ಸೂರ್ಯನಿಗೆ ಗ್ರಹಗಳಿರುವಂತೆ ಬೇರೆ ನಕ್ಷತ್ರಗಳಿಗೂ ಗ್ರಹಗಳಿವೆಯೇ? ಇದ್ದರೆ ಅಲ್ಲಿ ಗಾಳಿ, ನೀರು, ಜೀವಿಗಳು ಇರಬಹುದೇ? ಈ ಪ್ರಶ್ನೆಗಳನ್ನು ಮನುಷ್ಯ ಬಹುಕಾಲದಿಂದ ಕೇಳುತ್ತ ಬಂದಿದ್ದಾನೆ. ಆದರೆ ಉತ್ತರ ಹುಡುಕುವ ಸಾಧನ ಅವನ ಕೈಯಲ್ಲಿರಲಿಲ್ಲ. ನಕ್ಷತ್ರಗಳಿಗೆ ಹೋಗಿಬರುವುದು ಆಗದ ಮಾತು; ಅಲ್ಲಿಂದ ನಮ್ಮತ್ತ ಬರುವುದು ಬೆಳಕು. ಆ ಬೆಳಕನ್ನು ಓದಲು ಬೇಕಾದ ಅಕ್ಷರಮಾಲೆಯನ್ನು ಬರೆದಿಟ್ಟವನು, ಹನ್ನೊಂದನೆಯ ವಯಸ್ಸಿಗೇ ತಬ್ಬಲಿಯಾಗಿ ಕೂಲಿಯಿಲ್ಲದ ದುಡಿಮೆಗೆ ಬಿದ್ದ ಒಬ್ಬ ಬಡ ಹುಡುಗ. ಅವನೇ ಜರ್ಮನಿಯ ಜೋಸೆಫ್ ಫ್ರಾನ್‌ಹೋಫರ್. ಅವನ ಬಾಳಿನ ಕಥೆಯನ್ನು ನಮ್ಮ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ತಿಳಿಯಲೆಂದು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಫ್ರಾನ್‌ಹೋಫರ್ 1787ರ ಮಾರ್ಚ್ 6ರಂದು ಬವೇರಿಯ ಪ್ರಾಂತದ ಸ್ಟ್ರಾಬಿಂಗ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಗಾಜಿನ ಕೆಲಸಗಾರ. ಹನ್ನೊಂದು ಮಕ್ಕಳಲ್ಲಿ ಜೋಸೆಫನೇ ಕಡೆಯವನು. ಹತ್ತು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಮರುವರ್ಷ ತಂದೆಯೂ ಹೋದನು. ಮನೆಯವರು ಹುಡುಗನನ್ನು ಮ್ಯೂನಿಕ್ ನಗರದ ವೈಕ್ಸೆಲ್‌ಬರ್ಗರ್ ಎಂಬ ಕನ್ನಡಿ ತಯಾರಕನಲ್ಲಿ ಕೆಲಸ ಕಲಿಯಲು ಬಿಟ್ಟರು. ಕಲಿಕೆಯ ಹಣ ಕೊಡುವ ಶಕ್ತಿ ಇರಲಿಲ್ಲವಾದ್ದರಿಂದ ಆರು ವರ್ಷ ಸಂಬಳವಿಲ್ಲದೆ ದುಡಿಯಬೇಕೆಂದು ಕರಾರಾಯಿತು.

ಮಾಲೀಕನು ಕಟುವಾದ ಮನುಷ್ಯ. ಹುಡುಗನಿಗೆ ಓದಿನ ಹಂಬಲ. ಕೆಲಸದ ಹುಡುಗರಿಗಾಗಿ ಭಾನುವಾರ ನಡೆಯುತ್ತಿದ್ದ ಶಾಲೆಗೂ ಅವನನ್ನು ಮಾಲೀಕನು ಕಳಿಸಲಿಲ್ಲ. ಪುಸ್ತಕ ಹಿಡಿದರೆ ಕೆಲಸ ಕೆಡುತ್ತದೆಂಬುದು ಅವನ ಎಣಿಕೆ.

1801ರ ಜುಲೈ 21ರಂದು ಮಾಲೀಕನ ಮನೆ ಕುಸಿದು ಬಿದ್ದಿತು. ಹದಿನಾಲ್ಕರ ಜೋಸೆಫ್ ಅವಶೇಷಗಳಡಿಯಲ್ಲಿ ಸಿಕ್ಕಿಕೊಂಡನು. ಹಲವು ಗಂಟೆಗಳ ಬಳಿಕ ಜನರು ಅವನನ್ನು ಜೀವಂತವಾಗಿ ಹೊರತೆಗೆದರು. ಬವೇರಿಯದ ಪ್ರಭು, ಮುಂದೆ ಅಲ್ಲಿನ ದೊರೆಯಾದ ಮ್ಯಾಕ್ಸಿಮಿಲಿಯನ್ ಜೋಸೆಫ್ ಸ್ವತಃ ಆ ಸ್ಥಳಕ್ಕೆ ಬಂದಿದ್ದನು. ಹುಡುಗನ ಮೇಲೆ ಕನಿಕರಗೊಂಡು ಅವನಿಗೆ 18 ಚಿನ್ನದ ನಾಣ್ಯಗಳನ್ನು ಕೊಟ್ಟನು. ಜೋಸೆಫ್ ಆ ಹಣದಲ್ಲಿ ಗಾಜು ಉಜ್ಜುವ ಯಂತ್ರವೊಂದನ್ನು ಕೊಂಡನು. ಮಿಕ್ಕಿದ್ದರಿಂದ ತನ್ನ ಉಳಿದ ಕರಾರನ್ನು ಬಿಡಿಸಿಕೊಂಡನು. ಉಟ್ಸ್‌ಶ್ನೈಡರ್ ಎಂಬ ಉದ್ಯಮಿ ಅವನಿಗೆ ಗಣಿತ ಮತ್ತು ಬೆಳಕಿನ ಶಾಸ್ತ್ರದ ಪುಸ್ತಕಗಳನ್ನು ಒದಗಿಸಿದನು.

ಆದರೆ ಕಷ್ಟ ಅಲ್ಲಿಗೇ ತೀರಲಿಲ್ಲ. ಹೆಸರಿನ ಚೀಟಿಗಳನ್ನು ಕೊರೆದು ಮಾರುವ ಸ್ವಂತ ಉದ್ಯೋಗಕ್ಕೆ ಕೈಹಾಕಿ ಸೋತನು. ಹೊಟ್ಟೆಪಾಡಿಗಾಗಿ ಮತ್ತೆ ಹಳೆಯ ಮಾಲೀಕನ ಬಳಿಗೇ ಹೋಗಬೇಕಾಯಿತು. 1806ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಉಟ್ಸ್‌ಶ್ನೈಡರನ ಉಪಕರಣ ಕಾರ್ಖಾನೆ ಸೇರಿದನು. ಬೆನೆಡಿಕ್ಟ್‌ಬೊಯೆರ್ನ್ ಎಂಬಲ್ಲಿನ ಹಳೆಯ ಮಠದ ಕಟ್ಟಡದಲ್ಲಿ ಗಾಜಿನ ಕುಲುಮೆ ನಡೆಯುತ್ತಿತ್ತು. ಅಲ್ಲಿ ಕೆಲವೇ ವರ್ಷಗಳಲ್ಲಿ ಮಸೂರಗಳ ಕೆಲಸವೆಲ್ಲ ಅವನ ಉಸ್ತುವಾರಿಗೆ ಬಂದಿತು.

ಅಂದಿನ ದೂರದರ್ಶಕಗಳಿಗೆ ಒಂದು ದೊಡ್ಡ ಕೊರತೆಯಿತ್ತು. ಮಸೂರವು ಕೆಂಪು ಬೆಳಕನ್ನು ಒಂದಷ್ಟು ಬಾಗಿಸಿದರೆ ನೀಲಿಯನ್ನು ಇನ್ನೂ ಹೆಚ್ಚಾಗಿ ಬಾಗಿಸುತ್ತದೆ. ಆದುದರಿಂದ ನಕ್ಷತ್ರದ ಬಿಂಬದ ಸುತ್ತ ಬಣ್ಣದ ಅಂಚು ಮೂಡುತ್ತದೆ. ಎರಡು ಬಗೆಯ ಗಾಜುಗಳನ್ನು ಜೋಡಿಸಿ ಈ ದೋಷವನ್ನು ಕಳೆಯಬಹುದು. ಆದರೆ ಯಾವ ಗಾಜು ಯಾವ ಬಣ್ಣವನ್ನು ಎಷ್ಟು ಬಾಗಿಸುತ್ತದೆಂಬ ಖಚಿತವಾದ ಲೆಕ್ಕ ಬೇಕು. ಬಣ್ಣಗಳೋ ಒಂದರಲ್ಲೊಂದು ಕರಗಿಹೋಗುತ್ತವೆ. ಹಳದಿ ಎಲ್ಲಿ ಮುಗಿಯಿತು, ಹಸಿರು ಎಲ್ಲಿ ಮೊದಲಾಯಿತು ಎಂದು ಹೇಳುವುದು ಹೇಗೆ? ಅಳತೆ ಹಿಡಿಯಲು ಗುರುತಿನ ಕಲ್ಲುಗಳೇ ಇರಲಿಲ್ಲ.

ಅಂಥ ಒಂದು ಗುರುತು ಫ್ರಾನ್‌ಹೋಫರನಿಗೆ ದೀಪದ ಬೆಳಕಿನಲ್ಲಿ ಸಿಕ್ಕಿತು. ದೀಪದ ವರ್ಣಪಟಲದ ಹಳದಿ ಭಾಗದಲ್ಲಿ ಹೊಳೆಯುವ ಗೆರೆಯೊಂದಿತ್ತು. ಸೂರ್ಯನ ಬೆಳಕಿನಲ್ಲಿಯೂ ಅದು ಇದೆಯೇ ಎಂದು ನೋಡಲು ಅವನು 1814ರ ಸುಮಾರಿಗೆ ಕೋಣೆಯನ್ನು ಕತ್ತಲೆ ಮಾಡಿ, ಕಿಟಕಿಯಲ್ಲಿ ಸಣ್ಣ ಸೀಳು ಬಿಟ್ಟು, ಅಲ್ಲಿಂದ ಸುಮಾರು 24 ಅಡಿ ದೂರದಲ್ಲಿ ಗಾಜಿನ ಪಟ್ಟಕವನ್ನಿಟ್ಟನು. ಪಟ್ಟಕದಿಂದ ಹರಡಿದ ಬಣ್ಣಗಳನ್ನು ಕೋನ ಅಳೆಯುವ ಉಪಕರಣದ ದೂರದರ್ಶಕದಿಂದ ನೋಡಿದನು. ಹುಡುಕಿದ್ದು ಒಂದು ಹೊಳೆಯುವ ಗೆರೆಯನ್ನು. ಕಂಡದ್ದು ಲೆಕ್ಕವಿಲ್ಲದಷ್ಟು ಕಪ್ಪು ಗೆರೆಗಳನ್ನು!

ಇಂಥ ಕೆಲವು ಗೆರೆಗಳನ್ನು ಇಂಗ್ಲೆಂಡಿನ ವುಲ್ಲಾಸ್ಟನ್ 1802ರಲ್ಲಿಯೇ ಕಂಡಿದ್ದನು. ಅವನು ಅವನ್ನು ಬಣ್ಣಬಣ್ಣಗಳ ನಡುವಿನ ಗಡಿಯೆಂದು ಭಾವಿಸಿ ಅಷ್ಟಕ್ಕೇ ಬಿಟ್ಟನು. ಫ್ರಾನ್‌ಹೋಫರ್ ಬಿಡಲಿಲ್ಲ. ಸೀಳನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದನು, ಪಟ್ಟಕವನ್ನು ಬದಲಿಸಿದನು. ಗೆರೆಗಳು ಮಾತ್ರ ತಮ್ಮ ತಮ್ಮ ಬಣ್ಣಗಳಲ್ಲಿಯೇ ನಿಂತಿದ್ದವು. ಹಾಗಾದರೆ ಇದು ಗಾಜಿನ ದೋಷವಲ್ಲ, ಕಣ್ಣಿನ ಭ್ರಮೆಯಲ್ಲ; ಬೆಳಕಿನಲ್ಲಿಯೇ ಇರುವ ಗುಣ. ಅವನು 574 ಗೆರೆಗಳನ್ನು ಎಣಿಸಿದನು. ಮುಖ್ಯವಾದವುಗಳಿಗೆ ಕೆಂಪಿನ ತುದಿಯಿಂದ ಮೊದಲುಮಾಡಿ ಎ, ಬಿ, ಸಿ, ಡಿ ಎಂದು ಎಚ್ ವರೆಗೆ ಹೆಸರಿಟ್ಟು, 1817ರಲ್ಲಿ ಪ್ರಕಟಿಸಿದನು. ದೀಪದ ಹಳದಿ ಗೆರೆ ಇದ್ದ ಜಾಗದಲ್ಲಿಯೇ ಸೂರ್ಯನ ಬೆಳಕಿನಲ್ಲಿ ಡಿ ಎಂಬ ಕಪ್ಪು ಗೆರೆ ಇತ್ತು. ಅದೇಕೆ ಹಾಗೆ ಎಂಬುದು ಅವನಿಗೆ ತಿಳಿಯಲಿಲ್ಲ. ತಿಳಿಯದ್ದಕ್ಕೆ ಕಾರಣ ಕಟ್ಟಿ ಹೇಳಲೂ ಇಲ್ಲ. ಕಂಡದ್ದನ್ನು ಕಂಡಂತೆ ಬರೆದಿಟ್ಟನು.

ಬಳಿಕ ಅವನು ಇದೇ ಸಾಧನವನ್ನು ರಾತ್ರಿಯ ಆಕಾಶಕ್ಕೆ ತಿರುಗಿಸಿದನು. ಶುಕ್ರಗ್ರಹದ ಬೆಳಕಿನಲ್ಲಿ ಸೂರ್ಯನವೇ ಗೆರೆಗಳು ಕಂಡವು. ಗ್ರಹಕ್ಕೆ ಸ್ವಂತ ಬೆಳಕಿಲ್ಲ, ಅದು ಹೊಳೆಯುವುದು ಸೂರ್ಯನಿಂದಲೇ ಅಲ್ಲವೇ? ಲುಬ್ಧಕ ನಕ್ಷತ್ರದಲ್ಲಿ ಮಾತ್ರ ಬೇರೆಯೇ ಬಗೆಯ ಅಗಲವಾದ ಮೂರು ಪಟ್ಟೆಗಳಿದ್ದವು. ನಕ್ಷತ್ರಗಳೆಲ್ಲ ಒಂದೇ ಅಚ್ಚಿನವಲ್ಲ, ಪ್ರತಿಯೊಂದರ ಬೆಳಕಿನಲ್ಲಿ ಅದರದೇ ಗುರುತು ಇದೆ ಎಂಬುದು ಹೀಗೆ ಬೆಳಕಿಗೆ ಬಂತು. 1821ರಲ್ಲಿ ಅವನು ಸಣ್ಣ ತಂತಿಗಳನ್ನು ಒತ್ತೊತ್ತಾಗಿ ಜೋಡಿಸಿ, ಪಟ್ಟಕವಿಲ್ಲದೆಯೇ ಬಣ್ಣಗಳನ್ನು ಬಿಡಿಸುವ ಜಾಲರಿಯನ್ನೂ ಬಳಕೆಗೆ ತಂದನು.

ಗಾಜಿನ ಕೆಲಸವೂ ನಿಲ್ಲಲಿಲ್ಲ. 1824ರಲ್ಲಿ ಅವನು ಡೋರ್ಪಾಟ್ ವೀಕ್ಷಣಾಲಯಕ್ಕೆ ಮಾಡಿಕೊಟ್ಟ 24 ಸೆಂಟಿಮೀಟರ್ ಮಸೂರದ ದೂರದರ್ಶಕವು ಆ ಕಾಲದಲ್ಲಿ ಅಂಥವುಗಳಲ್ಲೆಲ್ಲ ದೊಡ್ಡದು. ಅವನ ಕಾರ್ಖಾನೆಯ ಇನ್ನೊಂದು ಉಪಕರಣದಿಂದ ಬೆಸೆಲ್ ಎಂಬ ಖಗೋಳಜ್ಞನು 1838ರಲ್ಲಿ ರಾಜಹಂಸ ಪುಂಜದ ಒಂದು ನಕ್ಷತ್ರದ ದೂರವನ್ನು ಅಳೆದನು. ಕಾಲೇಜು ಓದಿಲ್ಲದವನೆಂಬ ಕಾರಣಕ್ಕೆ ಕೆಲವು ವಿದ್ವಾಂಸರು ಅವನನ್ನು ತಮ್ಮ ಸಾಲಿಗೆ ಸೇರಿಸಿಕೊಳ್ಳಲು ಹಿಂದೆಗೆದರು. ಆದರೂ ಬವೇರಿಯದ ವಿಜ್ಞಾನ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. 1824ರಲ್ಲಿ ರಾಜಗೌರವವೂ ಬಂದಿತು. ಮದುವೆಯಾಗದ ಅವನು ಕೆಲಸದಲ್ಲಿಯೇ ಬದುಕಿದನು. ಆರೋಗ್ಯ ಮಾತ್ರ ಕೈಕೊಟ್ಟಿತು. ಕ್ಷಯರೋಗದಿಂದ ನರಳಿ 1826ರ ಜೂನ್ 7ರಂದು, ಕೇವಲ 39 ವರ್ಷದವನಾಗಿ, ಮ್ಯೂನಿಕ್‌ನಲ್ಲಿ ಕಣ್ಣುಮುಚ್ಚಿದನು.

ಅವನ ಗೆರೆಗಳ ಅರ್ಥ ತಿಳಿದದ್ದು ಮೂವತ್ತಮೂರು ವರ್ಷಗಳ ನಂತರ. 1859ರಲ್ಲಿ ಕಿರ್ಕಾಫ್ ಮತ್ತು ಬುನ್‌ಸೆನ್ ಎಂಬಿಬ್ಬರು ಜರ್ಮನ್ ವಿಜ್ಞಾನಿಗಳು ಪ್ರತಿಯೊಂದು ಧಾತುವಿಗೂ ಅದರದೇ ಗೆರೆಗಳಿವೆಯೆಂದು ತೋರಿಸಿದರು. ಬೇಳೆ ಉಕ್ಕಿ ಒಲೆಯ ನೀಲಿ ಜ್ವಾಲೆಗೆ ಬಿದ್ದಾಗ ಅದು ಹಳದಿಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ಬಿಸಿಯಾದ ಸೋಡಿಯಂ ಆ ಬಣ್ಣವನ್ನು ಕೊಡುತ್ತದೆ. ಬೆಳಕಿನ ದಾರಿಗೆ ಅಡ್ಡ ಬಂದ ಸೋಡಿಯಂ ಅದೇ ಬಣ್ಣವನ್ನು ನುಂಗಿ ಕಪ್ಪು ಗೆರೆ ಮೂಡಿಸುತ್ತದೆ. ಡಿ ಗೆರೆಯ ಗುಟ್ಟು ಇದೇ.

ಈ ವಿದ್ಯೆ ನಮ್ಮ ಸೀಮೆಯ ಹತ್ತಿರಕ್ಕೂ ಬಂದಿತ್ತು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಜತ್ತದ ಕಡೆಯವರಿಗೆ ನೆರೆಯೂರಾದ ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಸರ್ವೆ ಅಧಿಕಾರಿಯೂ, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ನನೂ ವರ್ಣಪಟಲದರ್ಶಕ ಹಿಡಿದು ನೋಡಿದರು. ಅಂದು ಸೂರ್ಯನಂಚಿನ ಜ್ವಾಲೆಗಳಲ್ಲಿ ಕಂಡ ಹಳದಿ ಗೆರೆ ಮೊದಲು ಡಿ ಗೆರೆಯಂತೆಯೇ ತೋರಿತು. ಬಳಿಕದ ಸೂಕ್ಷ್ಮ ಅಳತೆಯಿಂದ ಅದು ಬೇರೆಯೆಂದು ಗೊತ್ತಾಯಿತು. ಅದೇ ಹೀಲಿಯಂ ಎಂಬ ಹೊಸ ಧಾತುವಿನ ಸುಳಿವು.

ಇನ್ನು ದೂರದ ಗ್ರಹಗಳ ಮಾತು. ಸೊಲ್ಲಾಪುರದ ಸ್ಟೇಷನ್ನಿನಲ್ಲಿ ನಿಂತಾಗ, ಸೀಟಿ ಹಾಕುತ್ತ ಬರುವ ರೈಲಿನ ಸದ್ದು ತೀಕ್ಷ್ಣವಾಗಿಯೂ, ದಾಟಿಹೋದ ಮೇಲೆ ತಗ್ಗಿದ ಸ್ವರದಲ್ಲಿಯೂ ಕೇಳುತ್ತದೆ. ಬೆಳಕಿನಲ್ಲಿಯೂ ಹೀಗಾಗುತ್ತದೆಂದು 1842ರಲ್ಲಿ ಡಾಪ್ಲರ್ ಎಂಬ ಆಸ್ಟ್ರಿಯದ ವಿಜ್ಞಾನಿ ತರ್ಕಿಸಿದ್ದನು. ಗ್ರಹವೊಂದು ಸುತ್ತುವಾಗ ತನ್ನ ನಕ್ಷತ್ರವನ್ನೂ ತುಸು ಎಳೆದಾಡುತ್ತದೆ. ನಕ್ಷತ್ರವು ನಮ್ಮ ಕಡೆಗೆ ಸರಿದಾಗ ಅದರ ಕಪ್ಪು ಗೆರೆಗಳು ನೀಲಿಯತ್ತ, ದೂರ ಸರಿದಾಗ ಕೆಂಪಿನತ್ತ ಕದಲುತ್ತವೆ. ಗೆರೆಗಳೇ ಇಲ್ಲದಿದ್ದರೆ ಈ ಕದಲಿಕೆಯನ್ನು ಗುರುತಿಸುವ ಬಗೆಯೇ ಇರಲಿಲ್ಲ. 1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ಡಿಡಿಯೇ ಕೆಲೋ ಇದೇ ಉಪಾಯದಿಂದ, ಸುಮಾರು 50 ಜ್ಯೋತಿರ್ವರ್ಷ ದೂರದ ಸೂರ್ಯನಂಥ ನಕ್ಷತ್ರವೊಂದಕ್ಕೆ ಗ್ರಹವಿರುವುದನ್ನು ಕಂಡುಹಿಡಿದರು. ಅದು ನಾಲ್ಕು ದಿನ ಚಿಲ್ಲರೆಗೇ ಒಂದು ಸುತ್ತು ಮುಗಿಸುತ್ತದೆ. ಅವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 2025ರ ಸೆಪ್ಟೆಂಬರ್ ಹೊತ್ತಿಗೆ, ಬೇರೆ ಬೇರೆ ವಿಧಾನಗಳಿಂದ ಖಚಿತಪಟ್ಟ ಇಂಥ ಗ್ರಹಗಳ ಎಣಿಕೆ 6000ವನ್ನು ತಲುಪಿತು.

ಗ್ರಹವಿದ್ದ ಮಾತ್ರಕ್ಕೆ ಜೀವಿಗಳಿರಬೇಕೆಂದಿಲ್ಲ. ನೀರು ಕುದಿದು ಹೋಗದಷ್ಟು, ಹೆಪ್ಪುಗಟ್ಟಿ ಹೋಗದಷ್ಟು ಹದವಾದ ದೂರ ಬೇಕು. ನೀರನ್ನು ಉಳಿಸಿಕೊಳ್ಳುವ ವಾಯುಮಂಡಲ ಬೇಕು. ಆ ಗಾಳಿಯಲ್ಲಿ ಏನಿದೆಯೆಂದು ತಿಳಿಯುವುದೂ ಗೆರೆಗಳಿಂದಲೇ. ಗ್ರಹವು ತನ್ನ ನಕ್ಷತ್ರದ ಮುಂದೆ ಹಾಯುವಾಗ ಸ್ವಲ್ಪ ಬೆಳಕು ಅದರ ಗಾಳಿಯೊಳಗಿಂದ ಸೋಸಿ ಬರುತ್ತದೆ. ಸುಮಾರು 160 ಜ್ಯೋತಿರ್ವರ್ಷ ದೂರದ ಅಂಥದೊಂದು ಗ್ರಹದ ಗಾಳಿಯಲ್ಲಿ ಹಬಲ್ ದೂರದರ್ಶಕದ ಮೂಲಕ ಸೋಡಿಯಂ ಕಂಡುಬಂದುದಾಗಿ 2001ರಲ್ಲಿ ಪ್ರಕಟವಾಯಿತು. ಬೇರೆ ನಕ್ಷತ್ರದ ಗ್ರಹವೊಂದರ ಗಾಳಿಯಲ್ಲಿ ಮೊಟ್ಟಮೊದಲು ಗುರುತಿಸಿದ ವಸ್ತು ಇದು. ಗುರುತಿಸಿದ್ದು ಫ್ರಾನ್‌ಹೋಫರ್ ಹೆಸರಿಟ್ಟ ಅದೇ ಡಿ ಗೆರೆಯಿಂದ!

ಇದಕ್ಕಿಂತಲೂ ಸೋಜಿಗದ ಸಂಗತಿ ಎ ಮತ್ತು ಬಿ ಗೆರೆಗಳದು. ಈ ಎರಡೂ ಸೂರ್ಯನಲ್ಲಿ ಹುಟ್ಟಿದವಲ್ಲ. ಸೂರ್ಯನು ದಿಗಂತಕ್ಕಿಳಿದು ಅವನ ಬೆಳಕು ಹೆಚ್ಚು ಗಾಳಿಯನ್ನು ಹಾದು ಬರುವಾಗ ಇವು ಇನ್ನಷ್ಟು ಕಪ್ಪಾಗುತ್ತವೆ. ಇವು ನಮ್ಮ ಭೂಮಿಯ ಗಾಳಿಯಲ್ಲಿರುವ ಆಮ್ಲಜನಕದ ಗುರುತುಗಳು. ಆ ಆಮ್ಲಜನಕವನ್ನು ಕೋಟಿಗಟ್ಟಲೆ ವರ್ಷಗಳಿಂದ ತುಂಬಿಸುತ್ತ ಬಂದಿರುವುದು ಹಸಿರು ಗಿಡಗಳು ಮತ್ತು ನೀರಿನ ಸೂಕ್ಷ್ಮಜೀವಿಗಳು. ಎಂದರೆ, ಫ್ರಾನ್‌ಹೋಫರ್ ಬರೆದ ಮೊದಲ ಎರಡು ಅಕ್ಷರಗಳೇ ಭೂಮಿಯಲ್ಲಿ ಜೀವವಿದೆಯೆಂಬುದಕ್ಕೆ ಸಾಕ್ಷಿ! ಇಂದು ವಿಜ್ಞಾನಿಗಳು ದೂರದ ಭೂಮಿಗಳಲ್ಲಿ ಹುಡುಕಬಯಸುವ ಗುರುತುಗಳಲ್ಲಿ ಇವೂ ಸೇರಿವೆ. ಬರಿಯ ಆಮ್ಲಜನಕ ಕಂಡರೆ ಸಾಲದು; ಮೀಥೇನಿನಂಥ ಅನಿಲಗಳನ್ನೂ ಜೊತೆಗಿಟ್ಟು ತೂಗಿ ನೋಡಬೇಕು. ಹೊರಗಿನ ಯಾವ ಗ್ರಹದಲ್ಲಿಯೂ ಜೀವವಿರುವುದು ಈವರೆಗೆ ಸಿದ್ಧವಾಗಿಲ್ಲ. ಹುಡುಕಾಟ ನಡೆದಿದೆ.

ವಿದ್ಯಾರ್ಥಿ ಮಿತ್ರರೇ, ಫ್ರಾನ್‌ಹೋಫರ್ ಅನ್ಯಲೋಕಗಳನ್ನು ಹುಡುಕಲು ಹೊರಟವನಲ್ಲ. ಒಳ್ಳೆಯ ಮಸೂರ ಮಾಡಬೇಕೆಂದು ಹೊರಟವನು. ಆ ಕೆಲಸದಲ್ಲಿ ಎದುರಾದದ್ದನ್ನು ಅಲಕ್ಷ್ಯ ಮಾಡದೆ ಒಂದೊಂದಾಗಿ ಎಣಿಸಿ, ಅಳೆದು, ಮುಂದಿನವರಿಗೆ ಬಿಟ್ಟುಹೋದನು. ಪ್ರಯೋಗಶಾಲೆಯಲ್ಲಿ ನಿಮ್ಮ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದದಿದ್ದಾಗ ಅಳಿಸಿ ತಿದ್ದುವ ಮೊದಲು ಇನ್ನೊಮ್ಮೆ ಅಳೆದು ನೋಡಿರಿ. ತಂದೆತಾಯಿಗಳಲ್ಲಿ ನಮ್ಮ ಬಿನ್ನಹವೂ ಒಂದಿದೆ. ಹೊಲದ ಕೆಲಸ, ಅಂಗಡಿಯ ಕೆಲಸ ಎಷ್ಟೇ ಇರಲಿ, ಮಗನೋ ಮಗಳೋ ಪುಸ್ತಕ ಹಿಡಿದು ಕೂತಾಗ ಕೆಲಸ ಕೆಟ್ಟಿತೆಂದು ಎಬ್ಬಿಸಬೇಡಿರಿ. ಆ ಕನ್ನಡಿ ಮಾಲೀಕನು ಮಾಡಿದ್ದು ಅದನ್ನೇ. ಮನೆ ಕುಸಿಯದೆ ಹೋಗಿದ್ದರೆ, ಆ ಹುಡುಗನ ಕೈಗೆ ಪುಸ್ತಕ ಬರುತ್ತಿತ್ತೋ ಇಲ್ಲವೋ!